ಗೋಕರ್ಣದ ಹೋಮ್‌ಸ್ಟೇಗಳಿಗೆ ಫಾರ್ಮ್ ಸಿ ಆನ್‌ಲೈನ್ ಸೇವೆ ಹೇಗಿದೆ?

ಕುಡ್ಲೆ ಬೀಚಿನ ಮೇಲೆ ಎರಡೇ ರೂಮು ಬಾಡಿಗೆಗೆ ಕೊಡುವವರಿಗೂ ದೊಡ್ಡ ರೆಸಾರ್ಟಿಗೂ ನಿಯಮ ಒಂದೇ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಫಾರ್ಮ್ ಸಿ ಎಂಬ ನಮೂನೆಯಲ್ಲಿ ಸರ್ಕಾರಕ್ಕೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ, 1946ರ ಹಳೆಯ ವಿದೇಶಿಯರ ಕಾಯ್ದೆ ಹೋಗಿದೆ. ಆದರೆ ಈ ಹೊಣೆ ಹಾಗೇ ಇದೆ, ಜನರ ಬಾಯಲ್ಲಿ ಅದರ ಹೆಸರೂ ಫಾರ್ಮ್ ಸಿ ಎಂದೇ ಉಳಿದಿದೆ.

ಮೊದಲು ಒಳ್ಳೆಯದು: ಸೇವೆಗೆ ಶುಲ್ಕವಿಲ್ಲ, ಪ್ರತಿ ಅತಿಥಿಗೂ ಕಾರವಾರಕ್ಕೆ ಓಡಬೇಕಿಲ್ಲ. ಒಮ್ಮೆ ನೋಂದಣಿ ಮಾಡಿಸಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯ ವಿದೇಶಿಯರ ನೋಂದಣಿ ವಿಭಾಗದ ಒಪ್ಪಿಗೆ ಸಿಕ್ಕರೆ ಮುಂದಿನದೆಲ್ಲ ಮನೆಯಲ್ಲೇ. ಈ ಒಪ್ಪಿಗೆಗೆ ಸಮಯ ಹಿಡಿಯುತ್ತದೆ. ಸೀಸನ್ ಶುರುವಾಗುವ ಅಕ್ಟೋಬರಿನಲ್ಲಿ ಅರ್ಜಿ ಹಾಕುವ ಬದಲು ಮಳೆಗಾಲದಲ್ಲೇ ಮುಗಿಸಿಕೊಳ್ಳಿ. ಪಾಸ್‌ವರ್ಡನ್ನು ಸೈಬರ್ ಸೆಂಟರಿನವರ ಕೈಗೆ ಕೊಡಬೇಡಿ. ತಪ್ಪು ಮಾಹಿತಿ ಹೋದರೆ ಉತ್ತರ ಕೊಡಬೇಕಾದವರು ನೀವೇ.

ಕಷ್ಟವಿರುವುದು ಫಾರ್ಮ್ ತುಂಬುವಲ್ಲಿ. ಒಂದು ಪಾಸ್‌ಪೋರ್ಟಿಗೆ ಒಂದು ಫಾರ್ಮ್, ಕೈಗೂಸಿಗೂ ಬೇರೆ. ಹೆಸರನ್ನು ಅತಿಥಿ ಹೇಳಿದಂತೆ ಬರೆಯದೆ ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗಿನ ಎರಡು ಸಾಲುಗಳ ಜೊತೆ ಹೋಲಿಸಿ. ಮೇಲಿನ ಸಾಲಿನಲ್ಲಿ ಮೊದಲು ಕುಲನಾಮ, ಆಮೇಲೆ ಹೆಸರು. ಕೆಳಗಿನ ಸಾಲು ಶುರುವಾಗುವುದೇ ಪಾಸ್‌ಪೋರ್ಟ್ ಸಂಖ್ಯೆಯಿಂದ. ರಷ್ಯಾ, ಇಸ್ರೇಲಿನವರ ಹೆಸರು ಕೇಳಿ ಬರೆದರೆ ಕಾಗುಣಿತ ತಪ್ಪುವುದು ಹೆಚ್ಚುಕಡಿಮೆ ಖಂಡಿತ. ಸಂಖ್ಯೆಯಲ್ಲಿ ಸೊನ್ನೆಯೋ ಇಂಗ್ಲಿಷಿನ ‘ಓ’ ಅಕ್ಷರವೋ ಎಂದು ಎರಡು ಸಲ ನೋಡಿ.

ಅತಿ ಹೆಚ್ಚು ತಪ್ಪು ಆನ್‌ಲೈನಿನಲ್ಲಿ ಪಡೆಯುವ ಇ-ವೀಸಾದಲ್ಲಿ. ಅದಕ್ಕೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಚೀಟಿ ಇರುವುದಿಲ್ಲ. ಅತಿಥಿ ತೋರಿಸುವ ಇ-ವೀಸಾ ಪತ್ರದಲ್ಲಿ ಒಂದು ಮುಕ್ತಾಯ ದಿನಾಂಕವಿರುತ್ತದೆ. 30 ದಿನದ ವೀಸಾದಲ್ಲಿ ಅದು ಭಾರತಕ್ಕೆ ಬಂದಿಳಿಯಲು ಇರುವ ಕೊನೆಯ ದಿನವೇ ಹೊರತು ಉಳಿಯಲು ಇರುವ ಕೊನೆಯ ದಿನವಲ್ಲ. ಬರೆಯಬೇಕಾದದ್ದು ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿ ಒತ್ತಿದ ಮುದ್ರೆಯಲ್ಲಿರುವುದು. ಹಾಗಾಗಿ ವಾಟ್ಸಾಪಿನಲ್ಲಿ ಫೋಟೋ ಪುಟವಷ್ಟೇ ತರಿಸಿಕೊಂಡರೆ ಸಾಲದು, ಮುದ್ರೆಯ ಪುಟವನ್ನೂ ಕೇಳಿ ಪಡೆಯಿರಿ. ಮುದ್ರೆ ಮಸುಕಾಗಿದ್ದರೆ ಊಹಿಸಬೇಡಿ, ಅತಿಥಿಯನ್ನು ಎದುರು ಕೂರಿಸಿಕೊಂಡು ಓದಿ.

ಭಾರತಕ್ಕೆ ಬಂದ ದಿನ, ನಿಮ್ಮಲ್ಲಿಗೆ ಬಂದ ದಿನ ಎರಡೂ ಬೇರೆ ಬೇರೆ ಕಾಲಂ. ಗೋವಾದ ಪಾಲೊಲೆಮ್ ಬೀಚಿನಲ್ಲಿ ವಾರಗಟ್ಟಲೆ ಇದ್ದು ರೈಲಿನಲ್ಲಿ ಗೋಕರ್ಣ ರೋಡ್ ನಿಲ್ದಾಣಕ್ಕೆ ಬಂದಿಳಿದವರಿಗೆ ಎರಡೂ ಕಡೆ ಒಂದೇ ದಿನಾಂಕ ಹಾಕಿದರೆ ಹಿಂದಿನ ವಾಸ್ತವ್ಯದ ದಾಖಲೆಯೊಂದಿಗೆ ತಾಳೆಯಾಗುವುದಿಲ್ಲ. ಮುಂದೆ ಎಲ್ಲಿಗೆ ಎಂಬಲ್ಲಿ ಹಂಪಿಗೆ ಹೋಗುವವರಿದ್ದರೆ ಹಂಪಿ ಎಂದೇ ಬರೆಯಿರಿ.

ತಾತ್ಕಾಲಿಕವಾಗಿ ಉಳಿಸಿದ್ದು ಸಲ್ಲಿಸಿದಂತಲ್ಲ. ಕೊನೆಯ ಸಬ್ಮಿಟ್ ಒತ್ತಿ, ಅರ್ಜಿ ಸಂಖ್ಯೆ ಬಂದಮೇಲೆಯೇ ಕೆಲಸ ಮುಗಿಯಿತು. ಗುಡ್ಡದ ಮರೆಯಲ್ಲಿ ಸಿಗ್ನಲ್ ಕೈಕೊಡುವ ಜಾಗವಾದರೆ ರಾತ್ರಿಯವರೆಗೆ ಕಾಯದೆ ರೂಮಿನ ಕೀಲಿ ಕೊಡುವಾಗಲೇ ತುಂಬಿ.

ಕನ್ನಡದಲ್ಲಿ ಫಾರ್ಮ್ ಇಲ್ಲದಿರುವುದು ದೊಡ್ಡ ಕೊರತೆ. ಮನೆಯ ಹೆಂಗಸರೇ ನಡೆಸುವ ಎಷ್ಟೋ ಹೋಮ್‌ಸ್ಟೇಗಳಲ್ಲಿ ಇದೊಂದು ಕಾರಣಕ್ಕೆ ಬೇರೆಯವರನ್ನು ಆಶ್ರಯಿಸಬೇಕಾಗುತ್ತದೆ. ಪ್ರತಿ ಕಾಲಂ ಕೆಳಗೆ ಒಂದು ಸಾಲು ಕನ್ನಡ ವಿವರಣೆ ಇದ್ದರೂ ಸಾಕಿತ್ತು.

ಸಲ್ಲಿಸಿದ ಫಾರ್ಮಿನ ಒಂದು ಪ್ರತಿಯನ್ನು ಅತಿಥಿಗೂ ಕೊಡಿ. ಪಾಸ್‌ಪೋರ್ಟ್ ಕಳೆದುಹೋದರೆ ಅಥವಾ ಆಸ್ಪತ್ರೆ ಸೇರಿ ವೀಸಾ ಅವಧಿ ಮೀರುವಂತಾದರೆ, ವಿದೇಶಿಯರ ವೀಸಾ ಸೇವೆಗಳ ಸರ್ಕಾರಿ ಜಾಲತಾಣ ಇ-ಎಫ್‌ಆರ್‌ಆರ್‌ಒದಲ್ಲಿ ದೇಶ ಬಿಡಲು ಬೇಕಾದ ನಿರ್ಗಮನ ಪರವಾನಗಿಗೋ ವಿಸ್ತರಣೆಗೋ ಅರ್ಜಿ ಹಾಕುವಾಗ ಎಲ್ಲಿ ಉಳಿದಿದ್ದಾರೆ ಎಂಬುದಕ್ಕೆ ಅವರು ತೋರಿಸುವುದು ಅದನ್ನೇ.