ಮೂರು ಹಿಂಡಿ ಪ್ಯಾಕೆಟ್‌ನಲ್ಲಿ ಒಂದು ಫಸ್ಟ್ ಕ್ಲಾಸು, ಒಂದು ಪಾಸು, ಒಂದು ನಪಾಸು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಜಯಪುರದ ಸರ್ಕಾರಿ ಆಫೀಸುಗಳು ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಕೇಳೋಕೆ ಆರಾಮ ಅನ್ನಿಸುತ್ತೆ. ಆದರೆ ಆ ಹೊತ್ತಿಗೆ ಹೊರಗೆ 40 ಡಿಗ್ರಿ ದಾಟಿರುತ್ತದೆ, ನಾನಿರೋದು ಮೇಲಿನ ಮಹಡಿ, ತಲೆ ಮೇಲೆ ಕಾದ ಸ್ಲ್ಯಾಬು. ಎರಡು ಗಂಟೆಗೆ ಮನೆ ಸೇರಿ, ಗ್ಯಾಸ್ ಹಚ್ಚಿ, ಪಲ್ಯ ಮಾಡು ಅಂದರೆ ಯಾರಿಗೆ ಬೇಕು ಹೇಳಿ. ಹಾಗಾಗಿ ಈ ಬೇಸಿಗೆಯ ಮಧ್ಯಾಹ್ನಗಳನ್ನೆಲ್ಲ ಪಚಡಿ ಮೇಲೇ ಕಳೆದೆ. ಸಲಾಡ್ ಅನ್ನುವವರು ಅನ್ನಲಿ, ನಮ್ಮ ಮನೇಲಿ ಅದು ಪಚಡಿನೇ.

ಪಚಡಿಗೆ ತರಕಾರಿ ಯಾವುದಾದರೂ ನಡೆಯುತ್ತೆ, ರುಚಿ ಕೊಡೋದು ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ. ಅದನ್ನು ಹುರಿದು ಕುಟ್ಟುವಷ್ಟು ತಾಳ್ಮೆ ನನಗಿಲ್ಲ. ಬಜಾರಿನ ಒಳಗಿನ ಓಣಿಯಲ್ಲಿ ಒಂದು ಪುಟ್ಟ ಅಂಗಡಿ ಇದೆ, ಬೋರ್ಡು ಗೀರ್ಡು ಏನೂ ಇಲ್ಲ, ಬಾಗಿಲಲ್ಲೇ ಕಡಕ್ ರೊಟ್ಟಿ ಎತ್ತರಕ್ಕೆ ಒಟ್ಟಿರುತ್ತಾರೆ. ಅಲ್ಲಿಂದ ಶೇಂಗಾ, ಗುರೆಳ್ಳು, ಅಗಸಿ ಮೂರೂ ಹಿಂಡಿ ಕಾಲು ಕಾಲು ಕೆಜಿ ತಂದೆ. ಅಂಗಡಿಯಾಕೆಗೆ ಸ್ವಲ್ಪ ಅನುಮಾನ.

"ರೊಟ್ಟಿ ಬ್ಯಾಡೇನ್ರೀ ಅಕ್ಕಾರ? ಬರೇ ಹಿಂಡಿ ತಗೊಂಡು ಏನ್ ಮಾಡ್ತೀರಿ?"

"ಪಚಡಿಗೆ ಹಾಕ್ತೀನ್ರೀ."

"ಹಂಗಾದ್ರ ಗುರೆಳ್ಳಷ್ಟೇ ಸಾಕ್ರಿ."

ನಾನು ಕೇಳಲಿಲ್ಲ. ಮೂರೂ ತಂದೆ.

ಮೂರಕ್ಕೂ ಪರೀಕ್ಷೆ ಒಂದೇ ಇರಲಿ ಅಂತ ತರಕಾರಿ ಬದಲಿಸಲಿಲ್ಲ: ಒಂದು ಸವತಿಕಾಯಿ, ಅರ್ಧ ಉಳ್ಳಾಗಡ್ಡಿ, ಒಂದು ಗಜ್ಜರಿ, ಒಂದು ಹಿಡಿ ನೆನೆಸಿದ ಹೆಸರುಬೇಳೆ. ಬೇಳೆಯನ್ನು ಬೆಳಗ್ಗೆ ನೆನೆಸಿಟ್ಟು ಹೋಗಬೇಡಿ, ಈ ಧಗೆಗೆ ಮಧ್ಯಾಹ್ನದೊಳಗೆ ಹುಳಿ ವಾಸನೆ ಬಂದಿರುತ್ತೆ, ನಾನು ಒಂದು ದಿನ ಹಾಗೆ ಎಸೆದಿದ್ದೇನೆ. ಬಂದ ಕೂಡಲೇ ನೀರಿಗೆ ಹಾಕಿ, ಮುಖ ತೊಳೆದು, ಫ್ಯಾನ್ ಕೆಳಗೆ ಅರ್ಧ ತಾಸು ಅಡ್ಡಾಗಿ. ಎದ್ದಾಗ ಉಗುರಿನಲ್ಲಿ ಚಿವುಟಿದರೆ ಕಾಳು ಎರಡಾಗಬೇಕು, ಅಷ್ಟೇ. ಅದಕ್ಕೂ ಬೇಜಾರಾದರೆ ಡಬ್ಬಿಯಲ್ಲಿರೋ ಪುಟಾಣಿ (ಹುರಿಗಡಲೆ) ಒಂದು ಹಿಡಿ ಹಾಕಿ, ಇಲ್ಲವೇ ತೆಳು ಅವಲಕ್ಕಿ. ಅವಲಕ್ಕಿಯನ್ನು ತೊಳೆಯುವುದೂ ಬೇಡ, ಸವತಿಕಾಯಿ ಬಿಡೋ ನೀರಿಗೇ ಮೆತ್ತಗಾಗುತ್ತೆ. ಲಿಂಬೆಹಣ್ಣಿಗೆ ನಾವು ಚಿಂತೆ ಮಾಡಬೇಕಿಲ್ಲ, ಜಿಐ ಟ್ಯಾಗ್ ಸಿಕ್ಕಿರೋ ಇಂಡಿ ಲಿಂಬೆ ನಮ್ಮ ಜಿಲ್ಲೆಯದ್ದೇ. ಒಣದ್ರಾಕ್ಷಿನೂ ಇಲ್ಲಿಯದ್ದೇ, ನಾಲ್ಕು ಕಾಳು ಹಾಕಿದರೆ ಖಾರದ ಮಧ್ಯೆ ಒಂದೊಂದು ಸಿಹಿ ಸಿಗುತ್ತೆ.

ಶೇಂಗಾ ಹಿಂಡಿ ಮೊದಲು. ಬರೀ ಬಾಯಿಗೆ ಹಾಕಿಕೊಂಡರೆ ಮೂರರಲ್ಲಿ ಇದೇ ರುಚಿ. ಬೆಳ್ಳುಳ್ಳಿ ಧಾರಾಳ, ಜೀರಿಗೆ ಹದ, ಎಣ್ಣೆ ಬಿಟ್ಟು ಉಂಡೆ ಕಟ್ಟೋ ಹಾಗಿದೆ. ಪಚಡಿಗೆ ಅದೇ ತೊಂದರೆ ಆಯ್ತು. ಎರಡು ಚಮಚ ಹಾಕಿ ಕಲಸಿದರೆ ಒಂದು ಕಡೆ ಮುದ್ದೆಯಾಗಿ ಕೂತಿತು, ಇನ್ನೊಂದು ಕಡೆ ಸವತಿಕಾಯಿ ಬೆಳ್ಳಗೆ ಸಪ್ಪೆ. ಒಂದು ಚಮಚ ಕುಸುಬಿ ಎಣ್ಣೆಯಲ್ಲಿ ಮೊದಲು ಕದಡಿಕೊಂಡು ಹಾಕಿದ ಮೇಲೆ ಸರಿಹೋಯಿತು. ಉಪ್ಪು ಸ್ವಲ್ಪ ಜಾಸ್ತಿ, ಮೇಲೆ ಬೇರೆ ಉಪ್ಪು ಹಾಕಲೇಬೇಡಿ. ಪಾಸು ಮಾಡಿದೆ.

ಗುರೆಳ್ಳು ಹಿಂಡಿ. ಬೆಂಗಳೂರು ಮೈಸೂರಿನವರಿಗೆ ಹುಚ್ಚೆಳ್ಳು ಅಂದರೆ ಗೊತ್ತಾಗುತ್ತೆ. ನೋಡೋಕೆ ಕಪ್ಪು ಮಣ್ಣಿನ ಹಾಗೆ, ಮೊದಲ ಸಲ ನೋಡಿದವರು ತಟ್ಟೆ ಹಿಂದಕ್ಕೆ ಸರಿಸಿದರೂ ಆಶ್ಚರ್ಯ ಇಲ್ಲ. ಆದರೆ ಹಸಿ ತರಕಾರಿ ಮೇಲೆ ಇದರ ಆಟವೇ ಬೇರೆ. ತರಿತರಿ ಪುಡಿ, ಮುದ್ದೆಯಾಗದೆ ಪ್ರತಿ ಹೋಳಿಗೂ ಅಂಟಿಕೊಳ್ಳುತ್ತೆ, ನೀರು ಬಿಟ್ಟರೂ ಕರಗಿ ಹೋಗಲ್ಲ, ಹುರಿದ ವಾಸನೆ ಕೊನೆಯ ತುತ್ತಿನವರೆಗೂ ಇರುತ್ತೆ. ಎಣ್ಣೆನೂ ಬೇಕಾಗಲಿಲ್ಲ, ಕಾಳಿನಲ್ಲೇ ಇರೋದು ಸಾಕು. ಲಿಂಬೆಹಣ್ಣು ಅರ್ಧ ಹೋಳು ಹಿಂಡಿ, ಕೊತ್ತಂಬರಿ ಹರಿದು ಹಾಕಿ ಕಲಸಿದೆ. ಎರಡು ದಿನ ಬಿಟ್ಟು ಗಜ್ಜರಿ ಬದಲು ಎಳೆ ಮೆಂತ್ಯ ಸೊಪ್ಪು ಹಾಕಿ ನೋಡಿದೆ, ಸೊಪ್ಪಿನ ಕಹಿಗೂ ಗುರೆಳ್ಳಿಗೂ ಹಳೇ ಸ್ನೇಹ ಅನ್ನಿಸಿತು. ಅಂಗಡಿಯಾಕೆ ಹೇಳಿದ್ದೇ ಸರಿ, ಮೊದಲ ದಿನವೇ ಕೇಳಬೇಕಿತ್ತು ಅಲ್ವಾ.

ಅಗಸಿ ಹಿಂಡಿ ಮೇಲೆ ಬಹಳ ಆಸೆ ಇಟ್ಟಿದ್ದೆ. ಒಮೆಗಾ 3 ಇದೆ, ಇಡೀ ಕಾಳು ನುಂಗಿದರೆ ಹೊಟ್ಟೆಯಲ್ಲಿ ಹಾಗೇ ಉಳಿದು ಹೊರಗೆ ಹೋಗೋದೇ ಜಾಸ್ತಿ, ಪುಡಿಯಾದರೆ ಮೈಗೆ ಹತ್ತುತ್ತೆ, ಎಲ್ಲ ನಿಜ. ಆದರೆ ಅಗಸಿ ನೀರು ಕಂಡರೆ ಲೋಳೆ ಬಿಡುತ್ತೆ. ಕಲಸಿ ಫೋನ್ ಬಂತು ಅಂತ ಹತ್ತು ನಿಮಿಷ ಬಿಟ್ಟೆ, ವಾಪಸ್ ಬಂದು ನೋಡಿದರೆ ಸವತಿಕಾಯಿ ಹೋಳುಗಳು ಚಮಚದಿಂದ ನೂಲಿನ ಹಾಗೆ ಇಳಿಯುತ್ತಿವೆ. ತಿಂದೆ, ಬಿಸಾಕೋಕೆ ಮನಸ್ಸು ಬರಲಿಲ್ಲ. ಗಟ್ಟಿ ಮೊಸರಿಗೆ ಇದೇ ಹಿಂಡಿ ಕಲಸಿ ರೊಟ್ಟಿ ಜೊತೆ ತಿಂದರೆ ಚೆನ್ನ, ಪಚಡಿಗೆ ಮಾತ್ರ ಬೇಡ. ಎರಡನೇ ಸಲ ತಂದ ಪ್ಯಾಕೆಟ್ ಅಂತೂ ಹಳೇ ಎಣ್ಣೆಯ ಹಾಗೆ ಕಮಟು ವಾಸನೆ. ಪುಡಿ ಮಾಡಿದ ಅಗಸಿ ಬೇಗ ಕೆಡುತ್ತೆ, ಪ್ಯಾಕೆಟ್ ಮೇಲೆ ಮಾಡಿದ ತಾರೀಖು ಹಾಕಿಲ್ಲದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು? ಒಯ್ದು ತೋರಿಸಿದೆ. ಮೂಸಿ ನೋಡಿದರು, ಮಾತಾಡದೆ ಬದಲಿಸಿ ಕೊಟ್ಟರು. ತಾರೀಖು ಹಾಕುವ ಮಾತಿಗೆ ಮಾತ್ರ "ನೋಡೂಣ್ರೀ" ಅಂದರು. ಹೋದ ವಾರದವರೆಗೂ ಹಾಕಿಲ್ಲ.

ಇನ್ನೊಂದು ವಿಷಯ, ಹಿಂಡಿಗೆ ಸಂಬಂಧ ಇಲ್ಲ ಆದರೂ ಹೇಳಿಬಿಡ್ತೀನಿ. ನನ್ನ ಡಬ್ಬಿ ನೋಡಿ ಆಫೀಸಿನ ಹುಡುಗನೊಬ್ಬ "ಮೇಡಂ, ರಾಜ್ಮಾ ರಾತ್ರಿ ನೆನೆಸಿ ಹಂಗೇ ಹಾಕಿದ್ರ ನಡೀತೈತೇನ್ರಿ?" ಅಂತ ಕೇಳಿದ. ನಡೆಯಲ್ಲ. ಹಸಿ ರಾಜ್ಮಾದಲ್ಲಿರೋ ಲೆಕ್ಟಿನ್ ಅನ್ನೋ ವಿಷದ ಅಂಶ ನೆನೆಸಿದ ಮಾತ್ರಕ್ಕೆ ಹೋಗಲ್ಲ, ಚೆನ್ನಾಗಿ ಕುದಿಸಿ ಬೇಯಿಸಲೇಬೇಕು, ಇಲ್ಲದಿದ್ದರೆ ವಾಂತಿ ಭೇದಿ ಗ್ಯಾರಂಟಿ. ಒಲೆ ಹಚ್ಚಬಾರದು ಅಂತಿದ್ದರೆ ಹೆಸರುಬೇಳೆ, ಪುಟಾಣಿ, ಹುರಿದ ಶೇಂಗಾ ಇಷ್ಟರಲ್ಲೇ ಇರಿ.

ದರ ಹೇಳಬೇಕಂದರೆ ಕಾಲು ಕೆಜಿ ಶೇಂಗಾ 70 ರೂಪಾಯಿ, ಉಳಿದೆರಡು 80. ದಿನಕ್ಕೆ ಎರಡು ಚಮಚದ ಲೆಕ್ಕದಲ್ಲಿ ಗುರೆಳ್ಳು ನನಗೊಬ್ಬಳಿಗೆ ಮೂರು ವಾರ ಬಂತು. ಹೋಗುವಾಗ ಒಂದು ಸ್ಟೀಲ್ ಡಬ್ಬಿ ಒಯ್ಯಿರಿ, ಕೊಟ್ಟರೆ ಅದಕ್ಕೇ ತುಂಬಿ ಕೊಡುತ್ತಾರೆ. ಅವರ ತೆಳು ಪ್ಲಾಸ್ಟಿಕ್ ಎಣ್ಣೆ ತಡೆಯಲ್ಲ, ನನ್ನ ಆಫೀಸ್ ಬ್ಯಾಗ್ ತೆರೆದರೆ ಇವತ್ತಿಗೂ ಮೊದಲು ಬರೋದು ಬೆಳ್ಳುಳ್ಳಿ ವಾಸನೆ.