ತೋಟದ ಪಾಠಕ್ಕೆ ಕೇಂದ್ರವಾ, ಪಕ್ಕದ ಮನೆ ಹಿತ್ತಲಾ?

ಸುತ್ತ ಕಾಫಿ ತೋಟ ಇದ್ದರೂ ಹಿತ್ತಲಲ್ಲಿ ನಾಲ್ಕು ಬೀನ್ಸ್ ಬೆಳೆಯಲು ಬಾರದವರು ಕೊಡಗಿನಲ್ಲಿ ಬೇಕಾದಷ್ಟಿದ್ದಾರೆ. ನಾನೂ ಒಬ್ಬ. ಕಲಿಯಲು ಎರಡು ದಾರಿ ಇವೆ.

ಒಂದು, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಂಥ ಕಡೆಯ ತರಬೇತಿ. ಕಾರಣ ಸಮೇತ ತಿಳಿಯುತ್ತದೆ. ನಮ್ಮದು ಹುಳಿ ಮಣ್ಣು, ಸುಣ್ಣದ ಅಂಶ ಮಳೆಗೆ ತೊಳೆದುಹೋಗುತ್ತದೆ, ಪರೀಕ್ಷೆ ಮಾಡಿಸದೆ ಸುಮ್ನೆ ಗೊಬ್ಬರ ಸುರಿದರೆ ದಂಡ. ಆದರೆ ಒಲವು ರೈತರ ಕಡೆಗೇ ಜಾಸ್ತಿ. ಕುಂಡದ ಟೊಮೆಟೊ ಬಗ್ಗೆ ನೀವೇ ಕೇಳಬೇಕು.

ಇನ್ನೊಂದು, ಅಕ್ಕಪಕ್ಕದವರು ಸೇರುವ ಭಾನುವಾರದ ಪಾಠ. ಕೈ ಕೆಸರಾಗುವುದು ಇಲ್ಲೇ. ಗಿಡದ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಿತಿದ್ದು ಹೀಗೆ: 100 ಗ್ರಾಂ ಮೈಲುತುತ್ತ 5 ಲೀಟರ್ ನೀರಿಗೆ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಿಗೆ, ಎರಡೂ ಪ್ಲಾಸ್ಟಿಕ್ ಬಕೆಟ್. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಅಲ್ಲ. ಆಮೇಲೆ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಲೇಪ ಕೂತರೆ ಸುಣ್ಣ ಸಾಲದು. ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಯಲ್ಲಿ ಸೂರಿನ ನೀರು ಬೀಳುವ ಕಡೆ ಮೆಣಸಿನ ಸಸಿ ಇಟ್ಟು ಕೊಳೆಸಿದ ಮೇಲೆ, ಕುಂಡ ಎಲ್ಲಿಡಬೇಕು ಅಂತ ಹೇಳಿಕೊಟ್ಟಿದ್ದೂ ಪಕ್ಕದ ಮನೆ ಆಂಟಿಯೇ. ತೊಂದರೆ ಏನೆಂದರೆ, ಒಬ್ಬರು ತಪ್ಪು ಹೇಳಿದರೆ ಹತ್ತು ಮನೆಯ ಗಿಡವೂ ಹಳದಿ!

ಕುಂಡ, ಸೊಪ್ಪಿನ ಮಡಿ ಅಷ್ಟೇ ಸಾಕೆಂದರೆ ನಾನು ಹಿತ್ತಲನ್ನೇ ಆರಿಸುತ್ತೇನೆ. ಕಿತ್ತಳೆ, ಕಾಳುಮೆಣಸಿನ ಬಳ್ಳಿ ಇದ್ದರೆ ಕೇಂದ್ರಕ್ಕೆ ಹೋಗಿ. ಹೋಗುವಾಗ ನೆರಳಲ್ಲಿ ಒಣಗಿಸಿದ ಅರ್ಧ ಕಿಲೋ ಮಣ್ಣು ಜೊತೆಗಿರಲಿ.