ಹುಬ್ಬಳ್ಳಿಯಲ್ಲಿ ಅವ್ವನ ಎಂಆರ್‌ಐ: ಮಷಿನ್‌ಗಿಂತ ಜಾಸ್ತಿ ಅಂಕ ಅಲ್ಲಿನ ಜನಕ್ಕೆ

ಹುಬ್ಬಳ್ಳಿ ವಿದ್ಯಾನಗರದ ಕಡೆ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಅವ್ವನಿಗೆ ಸೊಂಟದ ಎಂಆರ್‌ಐ ಮಾಡಿಸಿದೆವು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಸೆಂಟರ್ ಹೆಸರು ಬೇಕಂತಲೇ ಬರೆದಿಲ್ಲ. ನೀವು ಯಾವ ಊರಲ್ಲಿ ಮಾಡಿಸಿದರೂ ಏನು ನೋಡಬೇಕು, ಏನು ಕೇಳಬೇಕು ಅನ್ನೋದು ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನನ್ನದು ಗದಗದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ಮೋಟಾರ್ ಸುಟ್ಟರೆ ನಮ್ಮಲ್ಲಿಗೆ ಬರುತ್ತವೆ. ದಿನವಿಡೀ ಕೈಯಲ್ಲಿ ತಾಮ್ರದ ತಂತಿ, ಕಾಯಿಲ್, ವಾರ್ನಿಷ್. ಹಾಗಾಗಿ ಆ ಮಷಿನ್ ಬಗ್ಗೆ ನನಗೆ ಆಸೆಯೇ ಇತ್ತು. ಆದರೆ ಅಂಕ ಕೊಡುವಾಗ ಮಷಿನ್ ಎರಡನೆಯದಾಯಿತು. ಯಾಕೆ ಅಂತ ಹೇಳುತ್ತೇನೆ.

ಅವ್ವನಿಗೆ ಸೊಂಟದಿಂದ ಎಡಗಾಲಿಗೆ ಇಳಿಯುವ ನೋವು. ರಾತ್ರಿ ಮಗ್ಗಲು ಬದಲಿಸಿದರೆ ಎಚ್ಚರ ಆಗುತ್ತಿತ್ತು. ಮಾತ್ರೆ ಆಯಿತು, ಬೆಲ್ಟ್ ಆಯಿತು, ಬಿಸಿನೀರಿನ ಶಾಖ ಆಯಿತು. ಒಂದು ಕಡೆ ಹಳೇ ಎಕ್ಸ್‌ರೇ ಫಿಲ್ಮ್ ತೋರಿಸಿದರೂ ಬಿಚ್ಚಿ ನೋಡದೆ ಮತ್ತೆ ಎಕ್ಸ್‌ರೇ ತೆಗೆಸಿದರು. ಎಕ್ಸ್‌ರೇಯಲ್ಲಿ ಎಲುಬು ಚೆನ್ನಾಗಿ ಕಾಣುತ್ತದೆ. ನರ ಕಾಣುವುದಿಲ್ಲ, ಬೆನ್ನಿನ ಎರಡು ಮಣಿಗಳ ನಡುವೆ ಮೆತ್ತೆಯ ಥರ ಇರುವ ಡಿಸ್ಕ್ ಕಾಣುವುದಿಲ್ಲ. ಅಲ್ಲಿ ಬರೀ ಜಾಗ ಕಡಿಮೆಯಾಗಿದ್ದು ಗೊತ್ತಾಗುತ್ತದೆ ಅಷ್ಟೇ. ಕೊನೆಗೆ ಎಲುಬಿನ ಡಾಕ್ಟರ್ ಕಾಲು ಎತ್ತಿಸಿ, ಹೆಬ್ಬೆರಳು ಮೇಲಕ್ಕೆ ಒತ್ತಿಸಿ ನೋಡಿದರು. ಎಡಗಡೆ ಬಲ ಕಡಿಮೆ ಇತ್ತು. ಚೀಟಿಯಲ್ಲಿ ಎಂಆರ್‌ಐ ಎಲ್‌ಎಸ್ ಸ್ಪೈನ್, ಅಂದರೆ ಸೊಂಟದ ಭಾಗದ ಬೆನ್ನೆಲುಬಿನ ಎಂಆರ್‌ಐ ಅಂತ ಬರೆದರು.

ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಬೆನ್ನು ನೋವಿನವರನ್ನು ಕರೆದುಕೊಂಡು ಬರುವವರು ಸಾಧ್ಯ ಇದ್ದರೆ ರೈಲಿಗೆ ಬನ್ನಿ. ಎದ್ದು ನಿಲ್ಲಬಹುದು, ಮಲಗಲು ಜಾಗ ಸಿಕ್ಕರೆ ಮಲಗಬಹುದು.

ಸೆಂಟರ್‌ನಲ್ಲಿ ನನಗೆ ಮೊದಲು ಹಿಡಿಸಿದ್ದು ಅಲ್ಲಿನ ಟೆಕ್ನಿಷಿಯನ್ ಹುಡುಗಿ. ಬಾಗಲಕೋಟೆ ಕಡೆಯ ಮಾತು. ಅವ್ವನ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತಳು. ಒಂದು ಫಾರ್ಮ್ ಹಿಡಿದು ಒಂದೊಂದೇ ಕೇಳಿದಳು. ಎದೆಯಲ್ಲಿ ಪೇಸ್‌ಮೇಕರ್ ಇದೆಯಾ? ತಲೆ ಆಪರೇಷನ್ ಆಗಿದೆಯಾ? ಕಣ್ಣಿಗೆ ಕಬ್ಬಿಣದ ಚೂರು ಯಾವತ್ತಾದರೂ ಬಿದ್ದಿತ್ತಾ? ಕಿವಿಯಲ್ಲಿ ಮಷಿನ್ ಇದೆಯಾ? ಅವ್ವ ಎಲ್ಲಕ್ಕೂ ಇಲ್ಲ ಅಂದಳು. ಆಗ ಆ ಹುಡುಗಿ ಅವ್ವನ ಬಲಗೈ ಮಣಿಕಟ್ಟಿನ ಗಾಯದ ಕಲೆ ನೋಡಿ, "ಅವ್ವಾರ, ಇದೇನ್ರಿ ಇದು?" ಅಂದಳು. ಹಿಂದೆ ಅಂಗಳದಲ್ಲಿ ಜಾರಿ ಬಿದ್ದು ಕೈ ಮುರಿದಾಗ ಪ್ಲೇಟ್ ಹಾಕಿಸಿದ್ದೆವು. ಅವ್ವನಿಗೆ ಅದು ಆಪರೇಷನ್ ಅಂತ ಅನ್ನಿಸಿಯೇ ಇರಲಿಲ್ಲ.

ಅಲ್ಲಿಗೇ ಕೆಲಸ ನಿಂತಿತು. ಪ್ಲೇಟ್ ಯಾವ ಲೋಹದ್ದು ಅಂತ ಗೊತ್ತಾಗದೆ ಒಳಗೆ ಬಿಡುವುದಿಲ್ಲ ಅಂದಳು. ತಮ್ಮನಿಗೆ ಫೋನ್ ಮಾಡಿದೆ. ಅವನು ಬೀರು ಹುಡುಕಿ ಹಳೇ ಡಿಸ್ಚಾರ್ಜ್ ಕಾರ್ಡಿನ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ. ಅದರಲ್ಲಿ ಟೈಟೇನಿಯಂ ಅಂತ ಬರೆದಿತ್ತು. ಟೈಟೇನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೂ ಆಕೆ ಫೋಟೋವನ್ನು ಒಳಗಿನ ಡಾಕ್ಟರಿಗೆ ತೋರಿಸಿ, ಸಹಿ ಹಾಕಿಸಿಕೊಂಡೇ ಮುಂದಿನ ಮಾತು ಆಡಿದಳು. ಹೊರಗೆ ಜನ ಕಾಯುತ್ತಿದ್ದರು. ಅವಸರ ಮಾಡಬಹುದಿತ್ತು, ಮಾಡಲಿಲ್ಲ. ಇಂಥ ಕಡೆ ಅವಸರ ಮಾಡದವರ ಮೇಲೆ ನನಗೆ ಬಹಳ ಗೌರವ.

ಇಷ್ಟು ಬಿಗಿ ಯಾಕೆ ಅಂದರೆ ಆ ಅಯಸ್ಕಾಂತ ಯಾವಾಗಲೂ ಆನ್ ಇರುತ್ತದೆ. ಸ್ಕ್ಯಾನ್ ನಡೆಯದಿದ್ದರೂ, ರಾತ್ರಿ ಬಾಗಿಲು ಹಾಕಿದರೂ, ಕರೆಂಟ್ ಹೋದರೂ ಆನ್. ಅವರಲ್ಲಿರುವುದು 1.5 ಟೆಸ್ಲಾ (ಅಯಸ್ಕಾಂತದ ಬಲ ಅಳೆಯುವ ಮಾನ). ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು 30,000 ಪಟ್ಟು. ಒಳಗಿನ ಕಾಯಿಲ್ ನಯೋಬಿಯಂ ಮತ್ತು ಟೈಟೇನಿಯಂ ಸೇರಿಸಿದ ತಂತಿಯದು. ಅದನ್ನು ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ತಣ್ಣಗಿಟ್ಟಿರುತ್ತಾರೆ. ಆ ಚಳಿಯಲ್ಲಿ ತಂತಿಗೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಡೆ ಅನ್ನೋದೇ ಇರುವುದಿಲ್ಲ. ಒಮ್ಮೆ ಕರೆಂಟ್ ತುಂಬಿದರೆ ಸುತ್ತುತ್ತಲೇ ಇರುತ್ತದೆ. ಬಿಸಿಯಾಗಿ ಸುಟ್ಟ ಕಾಯಿಲ್‌ಗಳನ್ನು ಕಿತ್ತು ಹಾಕುವುದೇ ಕಸುಬಾಗಿರುವ ನನಗೆ ಇದನ್ನು ನೆನೆಸಿದರೆ ಮೈ ಝುಮ್ಮೆನ್ನುತ್ತದೆ. ಅದಕ್ಕೇ ಆ ಕೋಣೆಗೆ ಕಬ್ಬಿಣದ ವೀಲ್‌ಚೇರ್, ಆಕ್ಸಿಜನ್ ಸಿಲಿಂಡರ್ ಒಯ್ಯುವಂತಿಲ್ಲ. ಹಾರಿ ಹೋಗಿ ಮಷಿನ್‌ಗೆ ಅಪ್ಪಳಿಸುತ್ತವೆ, ನಡುವೆ ಮನುಷ್ಯ ಇದ್ದರೂ. ಒಳಗೆ ಒಯ್ಯುವುದಕ್ಕೆ ಅವರು ಬೇರೆ ವೀಲ್‌ಚೇರ್ ಇಟ್ಟಿದ್ದರು.

ಬಟ್ಟೆ ಬದಲಿಸುವ ಕೋಣೆಯ ಹತ್ತಿರ ಇನ್ನೊಂದು ಕಷ್ಟ ಎದುರಾಯಿತು. ಅವ್ವ ಉಟ್ಟಿದ್ದು ಜರಿ ಇರುವ ಇಳಕಲ್ ಸೀರೆ. ಜರಿಯಲ್ಲಿ ಲೋಹದ ಎಳೆ ಇದ್ದರೆ ಬಿಸಿಯಾಗಬಹುದು ಅಂತ ಗೌನ್ ಕೊಟ್ಟರು. ಕಾಲುಂಗುರ, ಓಲೆ, ಹೇರ್‌ಪಿನ್ ತೆಗೆದಳು. ತಾಳಿಗೆ ಬಂದಾಗ ಅವ್ವನ ಕೈ ನಿಂತಿತು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ, ತಾಳಿ ಹೇಗೆ ಬಿಚ್ಚುವುದು? ಅಲ್ಲಿದ್ದ ಆಯಾ ಡ್ರಾಯರ್‌ನಿಂದ ಅರಿಶಿಣ ಹಚ್ಚಿದ ನೂಲಿನ ದಾರ ತೆಗೆದಳು. ಅದಕ್ಕೊಂದು ಅರಿಶಿಣ ಕೊಂಬು ಕಟ್ಟಿತ್ತು. "ಮೊದಲ ಇದನ್ನ ಕಟ್ತೀನ್ರಿ, ಆಮ್ಯಾಲೆ ಅದನ್ನ ಬಿಚ್ಚರಿ" ಅಂದಳು. ಅವ್ವ ಒಂದು ಮಾತೂ ಆಡದೆ ಕತ್ತು ಬಗ್ಗಿಸಿದಳು. ಯಾವ ಕಂಪನಿಯೂ ಮಷಿನ್ ಜೊತೆ ಆ ದಾರ ಕೊಟ್ಟಿರುವುದಿಲ್ಲ. ನಮ್ಮ ಭಾಗದ ಹೆಣ್ಣುಮಕ್ಕಳನ್ನು ನೋಡಿ ನೋಡಿ ಅಲ್ಲಿನ ಯಾರಿಗೋ ಹೊಳೆದದ್ದು ಅದು.

ಎಂಆರ್‌ಐ ಅಂದರೆ ಜನ ಹೆದರುವುದು ಸದ್ದಿಗೆ ಮತ್ತು ಆ ಇಕ್ಕಟ್ಟಿನ ಸುರಂಗಕ್ಕೆ. ಟೆಕ್ನಿಷಿಯನ್ ತನ್ನ ಮೊಬೈಲ್‌ನಲ್ಲಿ ಆ ಸದ್ದನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದಳು. ಹೊರಗೇ ಅವ್ವನಿಗೆ ಕೇಳಿಸಿದಳು. "ಮೊದಲ ಟಕ್ ಟಕ್ ಅಂತೈತ್ರಿ. ಆಮ್ಯಾಲೆ ಘರ್ರ್ ಅಂತೈತಿ. ಹೊಡಿಯೂದಿಲ್ಲ, ಸುಡೂದಿಲ್ಲ. ಸುಮ್ನ ಮಲಗರಿ. ಹೆದರಿಕಿ ಬಂದ್ರ ಈ ಬಾಲ್ ಒತ್ತರಿ, ನಾ ಓಡಿ ಬರ್ತೀನಿ." ಕೈಗೆ ರಬ್ಬರ್ ಬಾಲ್ ಕೊಟ್ಟಳು. ಕಿವಿಗೆ ಹತ್ತಿ, ಮೇಲೆ ಹೆಡ್‌ಫೋನ್.

ನನ್ನನ್ನು ಬಾಗಿಲ ತನಕ ಬಿಟ್ಟರು. ಬಾಗಿಲಿನ ಅಂಚಿಗೆ ಸುತ್ತಲೂ ಸ್ಪ್ರಿಂಗಿನ ಥರ ತೆಳುವಾದ ತಾಮ್ರದ ಬೆರಳುಗಳು. ಮುಚ್ಚಿದರೆ ಚೌಕಟ್ಟಿಗೆ ಒತ್ತಿ ಕೂರುತ್ತವೆ. ಗೋಡೆಯ ಒಳಗೂ ತಾಮ್ರದ ಹೊದಿಕೆ. ಮೈಯಿಂದ ಬರುವ ಸಿಗ್ನಲ್ ಬಹಳ ಸಣ್ಣದು, ಹೊರಗಿನ ರೇಡಿಯೋ ಅಲೆ ಅದರೊಳಗೆ ಸೇರಬಾರದು, ಅದಕ್ಕೇ ಈ ಪಂಜರ. 1.5 ಟೆಸ್ಲಾದಲ್ಲಿ ಮೈಯೊಳಗಿನ ನೀರಿನ ಹೈಡ್ರೋಜನ್ ಸುಮಾರು 64 ಮೆಗಾಹರ್ಟ್ಸ್‌ನ ರೇಡಿಯೋ ಅಲೆಗೆ ಸ್ಪಂದಿಸುತ್ತದೆ, ಆ ಸ್ಪಂದನವೇ ಈ ಸಿಗ್ನಲ್. ಎಫ್‌ಎಂ ರೇಡಿಯೋ ಶುರುವಾಗುವುದು 88ರಿಂದ, ಅಂದರೆ ಇದು ಅದಕ್ಕಿಂತ ಸ್ವಲ್ಪ ಕೆಳಗೆ. ಎಕ್ಸ್‌ರೇ, ಸಿಟಿ ಥರ ಇಲ್ಲಿ ವಿಕಿರಣ ಇಲ್ಲ. ನಮ್ಮ ಓಣಿಯಲ್ಲಿ "ಎಂಆರ್‌ಐ ಮಾಡಿಸಿದರೆ ಕ್ಯಾನ್ಸರ್ ಬರುತ್ತೆ" ಅಂತ ಒಬ್ಬರು ಅವ್ವನನ್ನು ಹೆದರಿಸಿ ಕಳಿಸಿದ್ದರು. ಹಾಗೇನೂ ಇಲ್ಲ.

ಸದ್ದು ಎಲ್ಲಿಂದ ಅನ್ನೋದು ನನಗೆ ಕೇಳಿದ ಕೂಡಲೇ ಗೊತ್ತಾಯಿತು. ದೊಡ್ಡ ಅಯಸ್ಕಾಂತದ ಒಳಗೆ ಗ್ರೇಡಿಯಂಟ್ ಕಾಯಿಲ್ ಅಂತ ಬೇರೆ ಕಾಯಿಲ್‌ಗಳಿವೆ. ಮೈಯ ಯಾವ ಜಾಗದಿಂದ ಸಿಗ್ನಲ್ ಬಂತು ಅಂತ ಗುರುತಿಸುವುದಕ್ಕೆ ಅವುಗಳಲ್ಲಿ ಕರೆಂಟನ್ನು ಗಳಿಗೆಗೊಮ್ಮೆ ಹೊಡೆದು ಹೊಡೆದು ನಿಲ್ಲಿಸುತ್ತಾರೆ. ಅಷ್ಟು ಬಲವಾದ ಅಯಸ್ಕಾಂತದ ನಡುವೆ ತಂತಿಯಲ್ಲಿ ಕರೆಂಟ್ ಹರಿದರೆ ತಂತಿ ತಳ್ಳಲ್ಪಡಲೇಬೇಕು. ನಮ್ಮ ಮೋಟಾರ್ ತಿರುಗುವುದೂ ಅದೇ ಬಲದಿಂದ. ಇಲ್ಲಿ ತಿರುಗಲು ಜಾಗ ಇಲ್ಲ, ಅದಕ್ಕೇ ನಡುಗಿ ಸದ್ದು ಮಾಡುತ್ತದೆ.

ಈಗ ಮಷಿನ್‌ಗಿಂತ ಜನಕ್ಕೆ ಜಾಸ್ತಿ ಅಂಕ ಕೊಟ್ಟಿದ್ದಕ್ಕೆ ಮುಖ್ಯ ಕಾರಣ. ಸ್ಕ್ಯಾನ್‌ಗೆ ಮೊದಲು ಅಲ್ಲಿನ ರೇಡಿಯಾಲಜಿಸ್ಟ್ ಮೇಡಂ, ಅಂದರೆ ಸ್ಕ್ಯಾನ್ ಚಿತ್ರ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್, ತಾವೇ ಹೊರಗೆ ಬಂದರು. ಡಾಕ್ಟರ್ ಚೀಟಿ ಓದಿದರು. ನಮ್ಮ ಎಕ್ಸ್‌ರೇ ಫಿಲ್ಮ್‌ಗಳನ್ನು ಬೆಳಕಿಗೆ ಹಿಡಿದು ನೋಡಿದರು. "ನೋವು ಎಲ್ಲೀತನಕ ಇಳಿತೈತ್ರಿ ಅವ್ವಾರ?" ಅಂತ ಕೇಳಿದರು. ಅವ್ವ ಬೆರಳಿನಿಂದ ತೊಡೆಯ ಹೊರಮಗ್ಗಲು, ಮೀನಖಂಡದ ಪಕ್ಕ, ಪಾದದ ಮೇಲ್ಭಾಗ, ಹೆಬ್ಬೆರಳು ಅಂತ ಗೆರೆ ಎಳೆದು ತೋರಿಸಿದಳು. "ಒಂದಕ್ಕ ಬಂದದ್ದು ತಿಳಿತೈತೇನ್ರಿ? ಕೂಡೋ ಜಾಗದಾಗ ಜೋಮು ಐತೇನ್ರಿ?" ಇಲ್ಲ ಅಂದಳು ಅವ್ವ. ಇದ್ದರೆ ಅದು ತುರ್ತು, ಅವತ್ತೇ ಆಸ್ಪತ್ರೆಗೆ ಓಡಬೇಕಾದ ಲಕ್ಷಣ ಅಂತ ಆಮೇಲೆ ನನಗೆ ಹೇಳಿದರು.

ಈ ಪ್ರಶ್ನೆಗಳು ಯಾಕೆ ಅಷ್ಟು ಮುಖ್ಯ? ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಜನರ ಸೊಂಟಕ್ಕೆ ಎಂಆರ್‌ಐ ಮಾಡಿ 1994ರಲ್ಲಿ ಪ್ರಕಟಿಸಿದ್ದರು. ಅವರಲ್ಲಿ 52 ಪರ್ಸೆಂಟ್ ಜನರಿಗೆ ಒಂದಲ್ಲ ಒಂದು ಡಿಸ್ಕ್ ಉಬ್ಬಿತ್ತು. ನೋವಿಲ್ಲದವರಿಗೇ ಹೀಗೆ! ಅಂದಮೇಲೆ ಬರೀ ಚಿತ್ರ ನೋಡಿ "ಡಿಸ್ಕ್ ಬಲ್ಜ್" ಅಂತ ಬರೆದರೆ ಅದರಿಂದ ರೋಗಿಗೆ ಏನು ಉಪಯೋಗ? ಎಷ್ಟೋ ಜನ ಆ ಎರಡು ಪದ ಓದಿಯೇ ಹಾಸಿಗೆ ಹಿಡಿಯುತ್ತಾರೆ. ಚಿತ್ರದಲ್ಲಿ ಕಂಡದ್ದು ನೋವಿನ ದಾರಿಗೆ ಹೊಂದುತ್ತದಾ ಅಂತ ಯಾರಾದರೂ ಕೂತು ನೋಡಲೇಬೇಕು. ಅದಕ್ಕೆ ರೋಗಿಯನ್ನು ಮಾತಾಡಿಸಬೇಕು.

ಸ್ಕ್ಯಾನ್ ಆದಮೇಲೆ ಮೇಡಂ ನಮ್ಮನ್ನು ಕಂಪ್ಯೂಟರ್ ಮುಂದೆ ಕರೆದರು. ಬೆನ್ನಿನ ಮಣಿಗಳು ಒಂದರ ಕೆಳಗೊಂದು. ಅವುಗಳ ನಡುವಿನ ಡಿಸ್ಕ್‌ಗಳಲ್ಲಿ ಮೇಲಿನವು ಬೆಳ್ಳಗೆ ಕಾಣುತ್ತಿದ್ದವು, ಅಂದರೆ ನೀರು ಚೆನ್ನಾಗಿದೆ. ಕೆಳಗೆ ಬಂದಂತೆ ಬೂದು. ಎಲ್4 ಮತ್ತು ಎಲ್5, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮಣಿಗಳ ನಡುವಿನದು ಕಪ್ಪು, ಒಣಗಿಹೋಗಿತ್ತು. ಅದರ ಹಿಂದೆ ಒಂದು ಚೂರು ಹೊರಗೆ ಬಂದು ಎಡಕ್ಕೆ ಒತ್ತಿತ್ತು. ಅಡ್ಡಕ್ಕೆ ಕೊಯ್ದ ಚಿತ್ರದಲ್ಲಿ ಬಲಗಡೆಯ ನರ ದುಂಡಗೆ ಕಾಣುತ್ತದೆ, ಎಡಗಡೆ ಅದೇ ಜಾಗದಲ್ಲಿ ಚಪ್ಪಟೆ. ಹೆಬ್ಬೆರಳಿಗೆ ಹೋಗುವ ಎಲ್5 ನರ ಅದು. ಅವ್ವ ಬೆರಳಿನಿಂದ ಎಳೆದು ತೋರಿಸಿದ ಗೆರೆಗೆ ಸರಿಯಾಗಿ ಹೊಂದಿತು. ಇನ್ನೆರಡು ಕಡೆ ಸಣ್ಣ ಉಬ್ಬು ಇತ್ತು. "ಅವು ವಯಸ್ಸಿಗೆ ಬಂದದ್ದು, ಅವನ್ನ ತಲೀಗೆ ಹಚ್ಕೋಬ್ಯಾಡ್ರಿ" ಅಂದರು. ಅವ್ವನ ನೋವಿಗೆ ಒಂದು ಕಾರಣ ಇದೆ, ಅದು ಕಣ್ಣಿಗೆ ಕಾಣುತ್ತದೆ ಅನ್ನೋದೇ ಅವಳಿಗೆ ಅರ್ಧ ಔಷಧಿ ಆಯಿತು. ಸುಮ್ನೆ ನೆಪ ಹೇಳುತ್ತಾಳೆ ಅಂತ ಮನೆಯಲ್ಲಿ ಕೆಲವರು ಅಂದಿದ್ದು ಅವಳಿಗೆ ಬಹಳ ನೋವಾಗಿತ್ತು.

ಚಿಕಿತ್ಸೆಯಲ್ಲೂ ಚಿತ್ರದ್ದೇ ಕೆಲಸ. ಫಿಸಿಯೋಥೆರಪಿಯಿಂದ ಸಾಲದೆ ಹೋದಾಗ ಡಾಕ್ಟರ್ ಆ ನರದ ಬುಡಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಸಿ-ಆರ್ಮ್ ಅಂತ ಎಕ್ಸ್‌ರೇ ಮಷಿನ್, ಸಿ ಆಕಾರದ್ದು. ಅದರಲ್ಲಿ ಸೂಜಿ ಹೋಗುವುದು ಪರದೆಯ ಮೇಲೆ ಕಾಣುತ್ತದೆ. ಮೊದಲು ಅಯೋಡಿನ್ ಇರುವ ಡೈ ಸ್ವಲ್ಪ ಬಿಟ್ಟು, ಅದು ನರದ ಗುಂಟ ಹರಿದದ್ದು ಖಾತ್ರಿ ಮಾಡಿಕೊಂಡು ಆಮೇಲೆ ಔಷಧಿ ಹಾಕುತ್ತಾರೆ. ಈಗ ಕಾಲಿನ ಸೆಳೆತ ಬಹಳ ಕಡಿಮೆ ಆಗಿದೆ. ಹೆಬ್ಬೆರಳಿನ ಜೋಮು ಪೂರ್ತಿ ಹೋಗಿಲ್ಲ. ಕತ್ತರಿ ಹಾಕುವುದು ಸದ್ಯಕ್ಕೆ ತಪ್ಪಿದೆ.

ಈ ಚಿತ್ರಗಳ ಹಿಂದಿನ ಜನರಲ್ಲಿ ನನಗೆ ಇಷ್ಟವಾದವರು ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಸಿಟಿ ಸ್ಕ್ಯಾನರ್ ಮಾಡಿದವರು. ಡಾಕ್ಟರ್ ಅಲ್ಲ, ಎಲೆಕ್ಟ್ರಿಕಲ್ ಕಲಿತ ಎಂಜಿನಿಯರ್. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದರು, 1979ರಲ್ಲಿ ನೊಬೆಲ್ ಬಂತು. ಅದೇ 1971ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್, ಸುತ್ತಲಿಂದ ತೆಗೆದ ಎಕ್ಸ್‌ರೇಗಳಿಂದ ಒಳಗಿನ ಚಿತ್ರ ಕಟ್ಟುವ ಲೆಕ್ಕವನ್ನು ಸುಲಭ ಮಾಡಿದರು. ರಾಮ್-ಲಕ್ ಫಿಲ್ಟರ್ ಅಂತ ಇಬ್ಬರ ಹೆಸರಲ್ಲೇ ಅದು ಪ್ರಪಂಚದಲ್ಲೆಲ್ಲ ಗೊತ್ತು. ನಮ್ಮ ಶಾಲೆ ಮಕ್ಕಳಿಗೆ ಇದನ್ನು ಹೇಳಬೇಕು ಅಲ್ವಾ?

ಅರ್ಧ ಅಂಕ ಯಾಕೆ ಕಡಿತ ಅಂದರೆ, ನಮಗೆ ಕೊಟ್ಟ ಸಮಯಕ್ಕಿಂತ ಒಂದು ತಾಸಿಗೂ ಜಾಸ್ತಿ ತಡವಾಯಿತು. ಆಕ್ಸಿಡೆಂಟ್ ಕೇಸ್ ಬಂದಿತ್ತು, ಅದು ಸರಿ. ಆದರೆ ನಾವು ಹೋಗಿ ಕೇಳುವ ತನಕ ಯಾರೂ ಹೇಳಲಿಲ್ಲ. ಬೆನ್ನು ನೋವಿನವರು ಒರಗಿಕೊಳ್ಳಲು ಒಂದು ಮಂಚವೂ ಇಲ್ಲ. ಶೌಚಾಲಯ ಮೆಟ್ಟಿಲು ಹತ್ತಿ ಹೋಗಬೇಕು. ರಿಪೋರ್ಟ್ ಪೂರ್ತಿ ಇಂಗ್ಲಿಷ್. ಮೇಡಂ ಬಾಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಅರ್ಧ ಪುಟ ಬರೆದುಕೊಟ್ಟರೆ ಹಳ್ಳಿಯಿಂದ ಬಂದವರು ಮನೆಯವರಿಗೆ ಓದಿ ಹೇಳಬಹುದು. ಇದನ್ನು ಅವರ ಸಲಹೆ ಪುಸ್ತಕದಲ್ಲೂ ಬರೆದು ಬಂದಿದ್ದೇನೆ.

ದರ ಮೊದಲೇ ಫೋನಿನಲ್ಲಿ ಕೇಳಿ, ಫಿಲ್ಮ್ ಸೇರಿಸಿ ಎಷ್ಟು ಅಂತ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರು ಮೊದಲು ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ) ವಿಚಾರಿಸಿ. ಡೈ ಹಾಕಿ ಮಾಡುವ ಸ್ಕ್ಯಾನ್ ಆದರೆ ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಬೇಕಾಗಬಹುದು, ಅದನ್ನೂ ಕೇಳಿಕೊಳ್ಳಿ. ಹಳೇ ಫಿಲ್ಮ್, ಹಳೇ ಡಿಸ್ಚಾರ್ಜ್ ಕಾರ್ಡ್ ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಂಡು ಬನ್ನಿ. ಸಿಡಿ ಜೊತೆಗೆ ಮೊಬೈಲ್ ಲಿಂಕ್ ಕೊಡಿ ಅಂತ ಕೇಳಿ. ನಮಗೆ ಕೇಳಿದ ಮೇಲೆ ಕೊಟ್ಟರು, ಗದಗದ ಡಾಕ್ಟರ್ ಅದರಲ್ಲೇ ತೆರೆದು ನೋಡಿದರು.